ಎಸ್ಪೊಸಿತೊ: ಪೂರ್ವಜರಿಲ್ಲದ ಮನೆತನದ ಹೆಸರು

ಇಟಲಿಯ ಮನೆತನದ ಹೆಸರುಗಳಲ್ಲಿ ಬಹುಪಾಲು ಒಬ್ಬ ಹಿರಿಯನ ಕಸುಬನ್ನೋ, ಊರನ್ನೋ, ಮೈಬಣ್ಣವನ್ನೋ ಹೇಳುತ್ತವೆ. ಫೆರಾರಿ ಎಂದರೆ ಕಮ್ಮಾರನ ಮನೆಯವರು, ರೊಸ್ಸಿ ಎಂದರೆ ಕೆಂಪು ಕೂದಲಿನವನ ಸಂತತಿ. ಆದರೆ ನೇಪಲ್ಸ್ ನಗರದಲ್ಲಿ ಅತ್ಯಂತ ಹೆಚ್ಚಾಗಿ ಕಾಣುವ, ಇಡೀ ದೇಶದಲ್ಲೂ ಮುಂಚೂಣಿಯಲ್ಲಿರುವ ಎಸ್ಪೊಸಿತೊ ಎಂಬ ಹೆಸರು ಯಾವ ಹಿರಿಯನ ಬಗೆಗೂ ಏನನ್ನೂ ಹೇಳುವುದಿಲ್ಲ. ಹಿರಿಯರು ಯಾರೆಂದು ಗೊತ್ತಿಲ್ಲದ ಮಕ್ಕಳಿಗೆ ಕೊಟ್ಟ ಹೆಸರು ಅದು.

ಇದರ ಮೂಲ ‘ಹೊರಗೆ ಇಡಲ್ಪಟ್ಟ’ ಎಂಬ ಅರ್ಥದ ಲ್ಯಾಟಿನ್ ಪದ ಎಕ್ಸ್‌ಪೊಸಿಟಸ್. ಬೇಡವಾದ ಅಥವಾ ಸಾಕಲಾಗದ ಶಿಶುವನ್ನು ಮನೆಯ ಹೊರಗೆ ಬಿಟ್ಟುಬರುವ ಪದ್ಧತಿ ಪ್ರಾಚೀನ ರೋಮಿನಲ್ಲಿಯೇ ಇತ್ತು. ಮಧ್ಯಯುಗದಲ್ಲಿ ಕ್ರೈಸ್ತ ಧರ್ಮಸಂಸ್ಥೆಗಳು ಅಂಥ ಮಕ್ಕಳನ್ನು ಸಾಕುವ ಹೊಣೆ ಹೊತ್ತುಕೊಂಡವು. ನೇಪಲ್ಸಿನಲ್ಲಿ ಈ ಕೆಲಸ ನಡೆದದ್ದು 14ನೇ ಶತಮಾನದಲ್ಲಿ ಸ್ಥಾಪನೆಯಾದ ಅನ್ನುಂಜಿಯಾತಾ ಎಂಬ ಧರ್ಮಸಂಸ್ಥೆಯಲ್ಲಿ. ಅದರ ಗೋಡೆಯಲ್ಲಿ ತಿರುಗುವ ಮರದ ಪೀಪಾಯಿಯೊಂದಿತ್ತು. ಬೀದಿಯ ಕಡೆಯಿಂದ ಮಗುವನ್ನು ಅದರೊಳಗಿಟ್ಟು ತಿರುಗಿಸಿದರೆ ಮಗು ಒಳಗಿನ ದಾದಿಯ ಕೈ ಸೇರುತ್ತಿತ್ತು. ಇಟ್ಟವರ ಮುಖ ಒಳಗಿದ್ದವರಿಗೆ ಕಾಣುತ್ತಿರಲಿಲ್ಲ. ಇಟಲಿಯವರು ಇದನ್ನು ‘ಚಕ್ರ’ ಎಂದೇ ಕರೆಯುತ್ತಿದ್ದರು. ಆ ಚಕ್ರವನ್ನು 1875ರಲ್ಲಿ ಮುಚ್ಚಲಾಯಿತಾದರೂ ಅದನ್ನು ಈಗಲೂ ಅಲ್ಲಿ ಉಳಿಸಿಕೊಂಡಿದ್ದಾರೆ.

ಒಳಗೆ ಬಂದ ಮಗುವಿನ ವಿವರವನ್ನು ಗುಮಾಸ್ತನು ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದನು: ಬಂದ ಹೊತ್ತು, ಅಂದಾಜು ವಯಸ್ಸು, ಸುತ್ತಿದ್ದ ಬಟ್ಟೆ, ಜೊತೆಗಿದ್ದ ಚೀಟಿ ಅಥವಾ ಗುರುತಿನ ವಸ್ತು. ಈ ಗುರುತಿನ ವಸ್ತುಗಳ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಎಷ್ಟೋ ತಾಯಂದಿರು ಪದಕವನ್ನೋ ನಾಣ್ಯವನ್ನೋ ಎರಡಾಗಿ ಮುರಿದು, ಒಂದು ಅರ್ಧವನ್ನು ಮಗುವಿನೊಂದಿಗೆ ಬಿಟ್ಟು, ಇನ್ನೊಂದನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತಿದ್ದರು. ಕಾಲ ಕೂಡಿಬಂದಾಗ ಎರಡನ್ನೂ ಜೋಡಿಸಿ ತೋರಿಸಿ ಮಗುವನ್ನು ಮರಳಿ ಪಡೆಯಬಹುದೆಂಬ ಆಸೆ ಅದರ ಹಿಂದಿತ್ತು. ಆದ್ದರಿಂದ ಚಕ್ರದೊಳಗೆ ಬಂದ ಮಕ್ಕಳೆಲ್ಲ ಅಕ್ರಮ ಸಂಬಂಧದ ಮಕ್ಕಳೇ ಎಂದು ತಿಳಿಯುವುದು ತಪ್ಪು. ಮದುವೆಯಾದ ಬಡ ದಂಪತಿಗಳೂ ಹಸಿವಿಗೆ ಹೆದರಿ ಮಕ್ಕಳನ್ನು ಅಲ್ಲಿ ಬಿಡುತ್ತಿದ್ದರು. ಹೀಗೆ ಬಂದವರಲ್ಲಿ ಬಹಳಷ್ಟು ಮಕ್ಕಳು ಎಳವೆಯಲ್ಲಿಯೇ ತೀರಿಕೊಂಡರು. ಬದುಕಿದವರನ್ನು ಹಾಲೂಡಿಸುವ ಹೆಂಗಸರ ಮನೆಗಳಿಗೆ ಕಳುಹಿಸಲಾಗುತ್ತಿತ್ತು, ಮತ್ತು ನೇಪಲ್ಸಿನ ಜನ ಅವರನ್ನು ಮಡೊನ್ನಾಳ ಮಕ್ಕಳು ಎಂದು ಕರೆಯುತ್ತಿದ್ದರು. ದಾಖಲೆಯಲ್ಲಿ ಎಸ್ಪೊಸಿತೊ ಎಂದು ಬರೆಸಿಕೊಂಡವರನ್ನು ಬೀದಿಯಲ್ಲಿ ದೇವಮಾತೆಯ ಮಕ್ಕಳೆಂದು ಕರೆದದ್ದರಲ್ಲಿ ಅನುಕಂಪವೂ ಇದ್ದಿರಬೇಕು.

ಬೇರೆ ನಗರಗಳು ಬೇರೆ ಹೆಸರುಗಳನ್ನು ಕೊಟ್ಟವು. ರೋಮಿನಲ್ಲಿ ಪ್ರೊಯೆತ್ತಿ, ಎಂದರೆ ಎಸೆಯಲ್ಪಟ್ಟವರು. ಎಸ್ಪೊಸಿತೊಗಿಂತ ಕಟುವಾದ ಹೆಸರಿದು. ಮಿಲಾನಿನ ದೊಡ್ಡಾಸ್ಪತ್ರೆಯ ಲಾಂಛನ ಪಾರಿವಾಳವಾಗಿದ್ದುದರಿಂದ ಅಲ್ಲಿನ ಅನಾಥ ಮಕ್ಕಳು ಕೊಲೊಂಬೊ ಆದರು, ಆದರೆ ಕೊಲೊಂಬೊಗಳೆಲ್ಲರೂ ಆ ಮೂಲದವರೇನಲ್ಲ. ಫ್ಲಾರೆನ್ಸಿನಲ್ಲಿ ಬ್ರೂನೆಲ್ಲೆಸ್ಕಿ ವಿನ್ಯಾಸಗೊಳಿಸಿದ, 1445ರಲ್ಲಿ ಮೊದಲ ಶಿಶುವನ್ನು ಸ್ವೀಕರಿಸಿದ ಆಶ್ರಯಧಾಮಕ್ಕೆ ‘ಇನ್ನೊಚೆಂತಿ’, ಅಂದರೆ ನಿಷ್ಪಾಪಿಗಳು ಎಂಬ ಹೆಸರಿತ್ತು. ಇನ್ನೊಚೆಂತಿ, ನೊಚೆಂತೀನಿ ಎಂಬ ಮನೆತನದ ಹೆಸರುಗಳು ಅಲ್ಲಿಂದ ಬಂದವು. ಆಯ್ಕೆ ನನ್ನದಾಗಿದ್ದರೆ ಫ್ಲಾರೆನ್ಸಿನ ಹೆಸರನ್ನೇ ಆರಿಸುತ್ತಿದ್ದೆ.

ನೆಪೋಲಿಯನ್ನನ ತಂಗಿಯ ಗಂಡ ಮುರಾ ನೇಪಲ್ಸಿನ ರಾಜನಾಗಿದ್ದ ಕಾಲದಲ್ಲಿ (1808–1815) ಇಂಥ ಹೆಸರಿಡುವ ಪದ್ಧತಿಗೆ ತಡೆ ಬಿತ್ತು. 1809ರಿಂದ ಜನನ ಮರಣಗಳನ್ನು ಸರ್ಕಾರವೇ ದಾಖಲಿಸತೊಡಗಿತ್ತು; ಹುಟ್ಟಿನ ಕಳಂಕವನ್ನು ಜೀವನಪರ್ಯಂತ ಹೊರಿಸುವ ಹೆಸರುಗಳನ್ನು ಇನ್ನು ಕೊಡಬಾರದೆಂದು ನಿರ್ಧಾರವಾದ ಮೇಲೆ ಅಧಿಕಾರಿಗಳು ಪ್ರತಿ ಮಗುವಿಗೂ ಹೊಸ ಹೆಸರನ್ನು ಕಲ್ಪಿಸಬೇಕಾಯಿತು. ಆದರೆ ಆ ವೇಳೆಗಾಗಲೇ ಎಸ್ಪೊಸಿತೊಗಳು ಮದುವೆಯಾಗಿ, ಮಕ್ಕಳನ್ನು ಪಡೆದು, ಆ ಹೆಸರನ್ನು ಊರೂರಿಗೆ ಹರಡಿಯಾಗಿತ್ತು. 1889ರಲ್ಲಿ ರಾಣಿ ಮಾರ್ಗರೀತಾಳಿಗೆ ಪಿಜ್ಜಾ ಮಾಡಿಕೊಟ್ಟನೆಂದು ಪ್ರಸಿದ್ಧ ಕಥೆಯಲ್ಲಿ ಬರುವ ರಫಾಯೆಲೆ ಎಸ್ಪೊಸಿತೊ ನೇಪಲ್ಸಿನವನೇ. ವಲಸೆ ಹೋದವರೊಂದಿಗೆ ಹೆಸರು ಅಮೆರಿಕ, ಕೆನಡಾ, ಅರ್ಜೆಂಟೀನಾಗಳನ್ನೂ ತಲುಪಿತು; ಇಟಲಿಯಲ್ಲಿ ‘ಪೊ’ ಎಂಬಲ್ಲಿ ಬೀಳುವ ಒತ್ತು ಉತ್ತರ ಅಮೆರಿಕದಲ್ಲಿ ಮುಂದಿನ ಅಕ್ಷರಕ್ಕೆ ಸರಿಯಿತು.

ವಂಶಾವಳಿ ಹುಡುಕುವವರಿಗೆ ಈ ಹೆಸರು ಒಡ್ಡುವ ತೊಡಕು ಬೇರೆಯದೇ. ಇಬ್ಬರು ಎಸ್ಪೊಸಿತೊಗಳು ಭೇಟಿಯಾದರೆ ಅವರು ದಾಯಾದಿಗಳೆಂದು ಊಹಿಸಲು ಯಾವ ಆಧಾರವೂ ಇಲ್ಲ, ಏಕೆಂದರೆ ಈ ಹೆಸರಿಗೆ ಒಬ್ಬ ಮೂಲಪುರುಷನಿಲ್ಲ. ಚಕ್ರ ತಿರುಗಿದಷ್ಟು ಸಲ ಹೊಸ ವಂಶವೊಂದು ಶುರುವಾಗಬಹುದಿತ್ತು. ಇಟಲಿಯ ರಾಜ್ಯ ಪತ್ರಾಗಾರಗಳು ಆನ್‌ಲೈನಿನಲ್ಲಿ ತೆರೆದಿಟ್ಟಿರುವ ಹಳೆಯ ಜನನ ದಾಖಲೆಗಳಲ್ಲಿ ಹಿಂದಕ್ಕೆ ಹೋಗುತ್ತ ಹೋದವರಿಗೆ ಕೊನೆಗೆ ತಂದೆತಾಯಿಯ ಹೆಸರಿನ ಬದಲು ಮಗುವಿನ ಬಟ್ಟೆಯ ವಿವರವಷ್ಟೇ ಸಿಗಬಹುದು.

ಪೋಷಕರು ಯಾರೆಂದು ತಿಳಿಯದ ಮಗುವಿಗೆ ಅದರ ಮೂಲವನ್ನು ಸೂಚಿಸುವ ಹೆಸರನ್ನಾಗಲಿ, ಆ ಪ್ರದೇಶದ ಪ್ರಸಿದ್ಧ ಕುಟುಂಬದ ಹೆಸರನ್ನಾಗಲಿ ಇಡಬಾರದೆಂದು ಇಟಲಿಯ 2000ನೇ ಇಸವಿಯ ನಾಗರಿಕ ನೋಂದಣಿ ನಿಯಮ ಹೇಳುತ್ತದೆ. ಇಂದು ನೇಪಲ್ಸಿನಲ್ಲಿ ಯಾರಾದರೂ ತನ್ನನ್ನು ಎಸ್ಪೊಸಿತೊ ಎಂದು ಪರಿಚಯಿಸಿಕೊಂಡರೆ, ಅವನು ನೇಪಲ್ಸಿನ ಕಡೆಯವನು ಎಂಬುದರ ಹೊರತು ಕೇಳಿದವರಿಗೆ ಬೇರೇನೂ ಹೊಳೆಯುವುದಿಲ್ಲ.