ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಟಿಂಬರ್ಸ್ ತಂಡದ ಫುಟ್‌ಬಾಲ್ ಮ್ಯಾಚ್ ನೋಡುವವರಿಗೆ

ಮೊದಲ ಮಾತು, ಕಾರು ಮನೆಯಲ್ಲೇ ಬಿಟ್ಟು ಹೋಗಿ. ಸ್ಟೇಡಿಯಂ ಹತ್ತಿರದ ಪಾರ್ಕಿಂಗ್ ಒಂದರಲ್ಲಿ ಬೋರ್ಡ್ ಮೇಲೆ 15 ಡಾಲರ್ ಅಂತಿತ್ತು. ನಿಲ್ಲಿಸಿ ದುಡ್ಡು ಕಟ್ಟಲು ಹೋದರೆ ಮೆಷಿನ್ 45 ಕೇಳಿತು. ಮ್ಯಾಚ್ ದಿನದ ರೇಟು ಬೇರೆಯಂತೆ, ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಜಗಳ ಆಡೋಣ ಅಂದರೆ ಅಲ್ಲಿ ಒಬ್ಬ ಮನುಷ್ಯನೂ ಇಲ್ಲ!

ಇಂಟೆಲ್ ಕೆಲಸದಿಂದಾಗಿ ನಮ್ಮವರು ಜಾಸ್ತಿ ಇರುವುದು ಹಿಲ್ಸ್‌ಬರೋ, ಬೀವರ್ಟನ್ ಕಡೆ. ನಮ್ಮ ಭಾವನ ಮನೆಯೂ ಅಲ್ಲೇ. ಅಲ್ಲಿಂದ ಮ್ಯಾಕ್ಸ್ ರೈಲಿನ ಬ್ಲೂ ಲೈನ್ ಹತ್ತಿದರೆ ಟಿಂಬರ್ಸ್ ಆಡುವ ಸ್ಟೇಡಿಯಂ ಪ್ರಾವಿಡೆನ್ಸ್ ಪಾರ್ಕ್ ಪಕ್ಕದಲ್ಲೇ ಇಳಿಯಬಹುದು. ವಾಪಸ್ ಬರುವಾಗ ಮಾತ್ರ ಊರಿನ ಮಧ್ಯದ ಕಡೆಗೆ ಎರಡು ಸ್ಟಾಪ್ ನಡೆದು ಅಲ್ಲಿ ಹತ್ತಿ. ಸ್ಟೇಡಿಯಂ ಎದುರೇ ಕಾದರೆ ಸೀಟಿನ ಆಸೆ ಬಿಡಬೇಕು.

ಊಟಕ್ಕೆ ಡೌನ್‌ಟೌನ್‌ನ ಗಾಡಿಗಳು. ನಾವು ತಿಂದದ್ದು ಒಂದು ಇಥಿಯೋಪಿಯಾ ಗಾಡಿಯಲ್ಲಿ. ಇಂಜೆರಾ ಅಂದರೆ ಹುಳಿ ಚೆನ್ನಾಗಿ ಬಂದ ಹಿಟ್ಟಿನ ಸೆಟ್ ದೋಸೆ ಥರ, ಆದರೆ ತಟ್ಟೆಯಷ್ಟು ಅಗಲ. ಅದರ ಮೇಲೆ ಖಾರದ ತೊಗರಿ ಬಣ್ಣದ ಬೇಳೆ, ಕೋಸಿನ ಪಲ್ಯ, ಸೊಪ್ಪು. ಎಲ್ಲಾ ಸಸ್ಯಾಹಾರ. ಒಂದು ಪ್ಲೇಟ್ ಇಬ್ಬರಿಗೆ ಸಾಕು. ಕೇಳಿದರೆ ಬೇಳೆ ಇನ್ನೊಂದು ಸೌಟು ಹಾಕುತ್ತಾರೆ. ಸ್ಟೇಡಿಯಂ ಒಳಗೆ ತಿನ್ನುವ ಯೋಚನೆಯೇ ಬೇಡ.

ಟಿಂಬರ್ಸ್ ಹುಟ್ಟಿದ್ದು 1975ರಲ್ಲಿ. ಮೊದಲ ವರ್ಷವೇ ಫೈನಲ್ ಮುಟ್ಟಿ ಟ್ಯಾಂಪಾ ಬೇ ಎದುರು ಸೋತರು. 1982ರ ನಂತರ ತಂಡ ಮುಚ್ಚಿತು. 2001ರಲ್ಲಿ ಕೆಳಗಿನ ಲೀಗ್‌ನಲ್ಲಿ ಮತ್ತೆ ಶುರುವಾಗಿ, 2011ಕ್ಕೆ ಅಲ್ಲಿನ ಅತಿ ದೊಡ್ಡ ಫುಟ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಸೇರಿತು. 2015ರಲ್ಲಿ ಕೊಲಂಬಸ್‌ನಲ್ಲಿ ಆ ಲೀಗ್‌ನ ಕಪ್ ಗೆದ್ದಾಗ ತಂಡದ ಆಟಗಾರ ಡಿಯೆಗೊ ವಲೇರಿ ಮೊದಲ ಗೋಲು ಹೊಡೆದದ್ದು 27ನೇ ಸೆಕೆಂಡಿನಲ್ಲಿ. 1926ರ ಈ ಸ್ಟೇಡಿಯಂನಲ್ಲೇ 1977ರಲ್ಲಿ ಪೆಲೆ ಕೊನೆಯ ಅಧಿಕೃತ ಪಂದ್ಯ ಆಡಿ ತನ್ನ ನ್ಯೂಯಾರ್ಕ್ ತಂಡ ಕಾಸ್ಮೋಸ್‌ಗೆ ಕಪ್ ಕೊಡಿಸಿದ್ದು. ಇಷ್ಟು ತಿಳಿದು ಹೋದರೆ ಟಿಕೆಟ್ ದುಡ್ಡು ದಂಡ ಅನಿಸುವುದಿಲ್ಲ.

ಟಿಂಬರ್ಸ್ ಗೋಲು ಹೊಡೆದಾಗಲೆಲ್ಲ ಒಬ್ಬರು ಚೈನ್‌ಸಾ ಹಿಡಿದು ದಿಮ್ಮಿಯಿಂದ ಒಂದು ಬಿಲ್ಲೆ ಕೊಯ್ಯುತ್ತಾರೆ. ಆ ಬಿಲ್ಲೆ ಗೋಲು ಹೊಡೆದವನಿಗೆ. 1978ರಲ್ಲಿ ಇದನ್ನು ಶುರು ಮಾಡಿದವರು ಟಿಂಬರ್ ಜಿಮ್. ಈಗ ಟಿಂಬರ್ ಜೋಯಿ. ಜಿಮ್ ಅವರ ಮಗಳು 2004ರಲ್ಲಿ ತೀರಿಕೊಂಡಳು. ಅವಳ ನೆನಪಿಗೆ ಅಭಿಮಾನಿಗಳು 80ನೇ ನಿಮಿಷದಲ್ಲಿ ಒಂದು ಹಳೇ ಹಾಡು ಹೇಳುತ್ತಾರೆ. ಹತ್ತು ನಿಮಿಷ ಬೇಗ ಎದ್ದು ಹೊರಡುವ ಅಭ್ಯಾಸ ಇದ್ದವರು ಅವತ್ತೊಂದು ದಿನ ತಡೆದುಕೊಳ್ಳಿ.

ಗೋಲಿನ ಹಿಂದಿನ ನಾರ್ತ್ ಎಂಡ್ ಟಿಂಬರ್ಸ್ ಆರ್ಮಿ ಅನ್ನುವ ಅಭಿಮಾನಿಗಳ ಬಳಗದ್ದು. ಅಲ್ಲಿ ಇಡೀ ಪಂದ್ಯ ನಿಂತೇ ಇರಬೇಕು, ಡೋಲು, ಕೂಗು, ಗೋಲು ಬಿದ್ದರೆ ಹಸಿರು ಹೊಗೆ ಬೇರೆ. ನನಗೆ ಸದ್ದು ಆಗುವುದಿಲ್ಲ, ಮಂಡಿಯೂ ಸರಿ ಇಲ್ಲ. ಪಕ್ಕದ ಸೀಟಿನಿಂದ ಅವರನ್ನು ನೋಡುವುದೇ ಚೆಂದ. ಅಪ್ಪ ಅಮ್ಮ ಜೊತೆಗಿದ್ದರಂತೂ ಸೂರಿನ ಕೆಳಗಿನ ಸೀಟೇ ತೆಗೆದುಕೊಳ್ಳಿ, ಆ ಊರಿನ ಮಳೆ ಹೇಳಿ ಕೇಳಿ ಬರುವುದಿಲ್ಲ. ಬದ್ಧ ಎದುರಾಳಿ ಸಿಯಾಟಲ್ ವಿರುದ್ಧದ ಪಂದ್ಯಕ್ಕೆ ಟಿಕೆಟ್ ಸಿಕ್ಕಿದರೂ ಮೊದಲ ಸಲಕ್ಕೆ ಅದು ಬೇಡ.