ಹಳೇ ಕ್ಷೌರದ ಕತ್ತಿ ಮತ್ತು ವಾಟರ್ ಪೇಪರ್

ಮೈಸೂರು, 16 ಫೆಬ್ರವರಿ 2025, ಭಾನುವಾರ

ಗುಜರಿ ಅಂಗಡಿಯಿಂದ ತಂದ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಕ್ಷೌರದ ಕತ್ತಿಯ ತುಕ್ಕು ತೆಗೆಯೋಕೆ ಇವತ್ತು ಕೂತೆ. ಬುಡದಲ್ಲಿ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಅಂತ ಅಚ್ಚಿದೆ, ಜೊತೆಗೆ ಅವರ ನಕ್ಷತ್ರ ಮತ್ತು ಶಿಲುಬೆಯ ಗುರುತು. 'ಇಂಗ್ಲೆಂಡ್' ಅನ್ನೋ ಪದ ಮಾತ್ರ ಇಲ್ಲ. ಹಾಗಿದ್ದರೆ 1891ಕ್ಕಿಂತ ಹಳೆಯದು ಅಂತ ಮಾರುವವರು ಬೆಲೆ ಏರಿಸುತ್ತಾರೆ. ನನಗೇನೋ ಅಷ್ಟು ನಂಬಿಕೆ ಇಲ್ಲ. ತಮ್ಮಲ್ಲಿಗೆ ಬರುವ ಮಾಲಿನ ಮೇಲೆ ದೇಶದ ಹೆಸರು ಹಾಕಲೇಬೇಕು ಅಂದದ್ದು ಅಮೆರಿಕದ 1890ರ ಸುಂಕದ ಕಾನೂನು, ಆ ನಿಯಮ ಜಾರಿಗೆ ಬಂದದ್ದು 1891ರಲ್ಲಿ. ನಮ್ಮ ಕಡೆ ಬಂದ ಮಾಲಿಗೂ ಅದಕ್ಕೂ ಏನು ಸಂಬಂಧ, ಅಲ್ವಾ?

ಮೊದಲು ಭೂತಗನ್ನಡಿ ಹಿಡಿದು ಅಂಚನ್ನು ಪೂರ್ತಿ ನೋಡಿದೆ. ಕೂದಲೆಳೆಯಷ್ಟು ಬಿರುಕಿದ್ದರೂ ಮುಂದಿನ ಕೆಲಸವೆಲ್ಲ ದಂಡ. ಬಿರುಕು ಕಾಣಲಿಲ್ಲ.

ಕೆಂಪು ತುಕ್ಕಿಗೆ ಎಣ್ಣೆ ಹಚ್ಚಿ ರಾತ್ರಿಯೇ ಬಿಟ್ಟಿದ್ದೆ. ಅಲಗನ್ನು ಮರದ ತುಂಡಿನ ಮೇಲೆ ಮಲಗಿಸಿ, 600ರ ವಾಟರ್ ಪೇಪರನ್ನು (ಒದ್ದೆ ಮಾಡಿ ಉಜ್ಜುವ ಉಪ್ಪು ಕಾಗದ; ಸಂಖ್ಯೆ ಹೆಚ್ಚಿದಷ್ಟೂ ನಯ) ಕಾರ್ಕಿಗೆ ಸುತ್ತಿ, ಉದ್ದುದ್ದಕ್ಕೆ ಉಜ್ಜಿದೆ. ಕಾಫಿ ಬಣ್ಣದ ರಾಡಿ ಬಂತು. ಒರೆಸಿದರೆ ಕೆಳಗೆ ಕಪ್ಪು ಕಲೆ, ಅದರ ನಡುವೆ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳು. ಕಪ್ಪು ಕಲೆಯಿಂದ ತೊಂದರೆ ಇಲ್ಲ. ಬೆನ್ನಿನ ಹತ್ತಿರದ ಗುಳಿಗಳೂ ಇದ್ದುಕೊಳ್ಳಲಿ. ಅಂಚಿಗೆ ಹತ್ತಿರ ಇರುವ ಗುಳಿಯೇ ಕಷ್ಟ: ಮಸೆಯುತ್ತಾ ಹೋದಂತೆ ಅಲ್ಲೇ ಹಲ್ಲು ಬೀಳುತ್ತದೆ.

ಕನ್ನಡಿ ಥರ ಹೊಳೆಯುವ ಹಳೇ ಕತ್ತಿ ಕಂಡರೆ ನನಗೆ ಈಗೀಗ ಅನುಮಾನ. ಡ್ರಿಲ್ಲಿಗೆ ಬಫಿಂಗ್ ಚಕ್ರ ಸಿಕ್ಕಿಸಿದರೆ ಐದು ನಿಮಿಷದ ಕೆಲಸ ಅಂತ ಗೆಳೆಯ ಹೇಳಿದ. ಬೇಡ ಅಂದೆ. ಕಾರ್ಬನ್ ಉಕ್ಕು 200 ಡಿಗ್ರಿ ಮುಟ್ಟಿದರೆ ಹುಲ್ಲಿನ ಹಳದಿಗೆ ತಿರುಗುತ್ತದೆ, 300ರ ಹೊತ್ತಿಗೆ ನೀಲಿ. ನೀಲಿಗೆ ತಿರುಗಿದರೆ ಹದ ಹೋಯ್ತು, ಉಕ್ಕು ಮೆತ್ತಗಾಯ್ತು ಅಂತಲೇ ಲೆಕ್ಕ. ತೆಳ್ಳಗಿನ ಅಂಚು ಕಾಯೋಕೆ ಎಷ್ಟು ಹೊತ್ತು ಬೇಕು! ಇನ್ನೊಂದು ವಿಷಯ ಬೆನ್ನಿನದು. ಬೆನ್ನು, ಅಂಚು ಎರಡೂ ತಾಗುವಂತೆ ಕತ್ತಿಯನ್ನು ಕಲ್ಲಿನ ಮೇಲೆ ಮಲಗಿಸಿ ಮಸೆಯಬೇಕು. ಅಂದರೆ ಅಂಚಿನ ಕೋನ ನಿರ್ಧಾರವಾಗೋದು ಬೆನ್ನಿನ ದಪ್ಪದಿಂದ. ಹೊಳಪಿನ ಆಸೆಗೆ ಬೆನ್ನನ್ನು ಏರುಪೇರಾಗಿ ಸವೆಸಿದರೆ, ಯಾವ ಕಲ್ಲು ತಂದರೂ ಹರಿತ ಸರಿಯಾಗಿ ಕೂರುವುದಿಲ್ಲ.

ಸಂಜೆ ನಮ್ಮ ರಸ್ತೆಯ ಕಟಿಂಗ್ ಶಾಪಿಗೆ ಕತ್ತಿ ತಗೊಂಡು ಹೋದೆ. ಅಲ್ಲಿ ಈಗ ಬ್ಲೇಡನ್ನು ಎರಡು ತುಂಡು ಮಾಡಿ ಸಿಕ್ಕಿಸುತ್ತಾರೆ, ಒಬ್ಬರಿಗಾದ ಮೇಲೆ ಎಸೆಯುತ್ತಾರೆ. ಅದೇ ಸರಿ ಬಿಡಿ. ಅಂಗಡಿಯ ಹಿರಿಯರು ಹೆಬ್ಬೆರಳನ್ನು ಅಂಚಿಗೆ ಅಡ್ಡಡ್ಡಕ್ಕೆ ಮೆಲ್ಲಗೆ ಸವರಿ, "ಇನ್ನೂ ಮಸೀಬೇಕು ಸಾರ್. ತೊಗಲಿನ ಪಟ್ಟಿಗೆ ಉಜ್ಜೋವಾಗ ಬೆನ್ನು ಮುಂದಿರ್ಲಿ. ಬಾಯಿ ಮುಂದೆ ಹೋದ್ರೆ ತೊಗಲೇ ಸೀಳುತ್ತೆ" ಅಂದರು. ಕಲ್ಲಿನ ಮೇಲೆ ಇದಕ್ಕೆ ಉಲ್ಟಾ, ಬಾಯಿಯೇ, ಅಂದರೆ ಅಂಚೇ ಮುಂದೆ.

ಮುಂದಿನ ವಾರ 1000ದ ಕಲ್ಲಿನಿಂದ ಶುರು ಮಾಡಿ 4000, ಆಮೇಲೆ 8000. ಹಿಡಿ ಕೊಂಬಿನದು, ಒಂದು ಮೂಲೆ ಹುಳ ತಿಂದಿದೆ ಅಷ್ಟೇ. ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಆಗಿದ್ದರೆ ತಲೆನೋವಿತ್ತು: ಅದು ಹಳತಾಗಿ ಕೆಟ್ಟರೆ ಆಮ್ಲದ ಹೊಗೆ ಬಿಟ್ಟು ಅಲಗನ್ನೇ ತಿನ್ನುತ್ತದೆ. ಹಿಡಿಯ ಪಿನ್ ಮಾತ್ರ ಸಡಿಲ. ಒಂದೂವರೆ ಮಿಲಿಮೀಟರ್ ದಪ್ಪದ ಹಿತ್ತಾಳೆ ತಂತಿ ಸಿಗುತ್ತಾ ಅಂತ ನಾಳೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಬೇಕು.