ಸೂಡ್ಲಿ ಕ್ಯಾಸಲ್‌ಗೆ ಹೊರಟಿದ್ದೀರಾ? ಕುದುರೆ ರೇಸ್ ಯಾವಾಗ ಅಂತ ಮೊದಲು ನೋಡಿ

ಲಂಡನ್ ಟವರ್‌ನಲ್ಲಿ, ಒಂಬತ್ತೇ ದಿನ ಇಂಗ್ಲೆಂಡಿನ ರಾಣಿಯಾಗಿದ್ದ ಲೇಡಿ ಜೇನ್ ಗ್ರೇಯ ತಲೆ ಕಡಿದ ಜಾಗ ನೋಡಿದಾಗಲೇ ತಲೆಗೆ ಹುಳ ಬಿಟ್ಟುಕೊಂಡಿದ್ದೆ. 1554ರ ಫೆಬ್ರವರಿಯಲ್ಲಿ ಸಾಯುವಾಗ ಆ ಹುಡುಗಿಗೆ ಇನ್ನೂ ಇಪ್ಪತ್ತೂ ಆಗಿರಲಿಲ್ಲ. ಮನಸ್ಸು ಬದಲಾಯಿಸಲು ಕ್ಯಾಥೊಲಿಕ್ ಪಾದ್ರಿಯನ್ನೇ ಕಳಿಸಿದರೂ, ಪೋಪ್‌ನನ್ನು ಒಪ್ಪದ ಹೊಸ ಪ್ರೊಟೆಸ್ಟಂಟ್ ನಂಬಿಕೆ ಬಿಡಲಿಲ್ಲ. ಅಷ್ಟು ಹಟ ಎಲ್ಲಿಂದ ಬಂತು? ಚಿಕ್ಕವಳಿದ್ದಾಗ ಅವಳು ಸ್ವಲ್ಪ ಕಾಲ ಇದ್ದದ್ದು ಚೆಲ್ಟನ್‌ಹ್ಯಾಮ್ ಪೇಟೆ ಹತ್ತಿರದ ವಿಂಚ್‌ಕೂಮ್ ಊರಿನ ಸೂಡ್ಲಿ ಕ್ಯಾಸಲ್‌ನಲ್ಲಿ, ಅದಕ್ಕೇ ಅಲ್ಲಿಗೆ ಹೊರಟೆ.

ಮೊದಲ ಪೆಟ್ಟು ರೂಮಿನದು. ಚೆಲ್ಟನ್‌ಹ್ಯಾಮ್‌ನಲ್ಲಿ ಮಾರ್ಚ್ ಮಧ್ಯದಲ್ಲಿ ದೊಡ್ಡ ಕುದುರೆ ರೇಸ್ ನಡೆಯುತ್ತದೆ, ನನಗೆ ಗೊತ್ತಿರಲಿಲ್ಲ. ಮಂಚ ಬಿಟ್ಟರೆ ಸೂಟ್‌ಕೇಸ್ ಇಡಲೂ ಜಾಗವಿಲ್ಲದ ಗೂಡಿಗೆ ಮೂರು ಪಟ್ಟು ದುಡ್ಡು, ಕೆಳಗಡೆ ರಾತ್ರಿ ಎರಡರವರೆಗೆ ಕುಡುಕರ ಹಾಡು. ನನಗೆ ಗದ್ದಲ ಆಗುವುದೇ ಇಲ್ಲ, ಹಾಗಾಗಿ ಸ್ವಲ್ಪ ಜಾಸ್ತಿ ಬೈತಿರಬಹುದು.

ಎರಡನೆಯದು ನನ್ನದೇ ತಪ್ಪು. ಮ್ಯಾಪಿನಲ್ಲಿ ವಿಂಚ್‌ಕೂಮ್ ಸ್ಟೇಷನ್ ಕಂಡು ಖುಷಿಯಾಗಿದ್ದೆ. ಅದು ಸುಮ್ನೆ ಮಜಾಕ್ಕೆ ಓಡಿಸುವ ಹಳೇ ಉಗಿಬಂಡಿಯ ಸ್ಟೇಷನ್, ಲಂಡನ್ ರೈಲು ಅಲ್ಲಿಗೆ ಬರುವುದಿಲ್ಲ! ಚೆಲ್ಟನ್‌ಹ್ಯಾಮ್ ಸ್ಪಾದಲ್ಲಿ ಇಳಿದು, ಪೇಟೆಗೆ ಬಂದು, ಅಲ್ಲಿಂದ ಬಸ್ ಹಿಡಿಯಬೇಕು. ನನ್ನ ಬಸ್ ನಲವತ್ತು ನಿಮಿಷ ತಡ, ಅದೂ ಮಳೆಯಲ್ಲಿ.

ಆ ಸಿಟ್ಟನ್ನೆಲ್ಲ ಇಳಿಸಿದ್ದು ವಿಂಚ್‌ಕೂಮ್‌ನ ಒಂದು ಪುಟ್ಟ ಟೀ ಅಂಗಡಿ. ನಾನು ಸಸ್ಯಾಹಾರಿ ಅಂದ ತಕ್ಷಣ ಅಜ್ಜಿ ಸೂಪಿನಲ್ಲಿ ಏನೇನಿದೆ ಅಂತ ಒಳಗೆ ಹೋಗಿ ಕೇಳಿಕೊಂಡೇ ಬಂದರು. ಸಿಪ್ಪೆ ಗರಿಗರಿಯಾಗಿ ಬೆಂದ ಇಡೀ ಆಲೂಗಡ್ಡೆ, ಅದರ ಹೊಟ್ಟೆ ಸೀಳಿ ಬೆಣ್ಣೆ, ಮೇಲೆ ಬಿಸಿ ಬೀನ್ಸ್, ಚೀಸ್. ನಾನು ಬ್ಯಾಗಿನಲ್ಲಿದ್ದ ಚಟ್ನಿಪುಡಿ ಉದುರಿಸಿಕೊಂಡೆ, ಅಜ್ಜಿ ಒಂದು ಚಿಟಿಕೆ ನೆಕ್ಕಿ ನೋಡಿ ಕೆಮ್ಮಿದರು. ಕೆಟಲ್ ತುಂಬ ಟೀ ಸೇರಿ ಆದ ಬಿಲ್ಲಿನಲ್ಲಿ ಆ ರೂಮಿನಲ್ಲಿ ಅರ್ಧ ಗಂಟೆಯೂ ಮಲಗೋಕಾಗಲ್ಲ.

ಅಲ್ಲಿಂದ ಹತ್ತು ಹದಿನೈದು ನಿಮಿಷ ನಡೆದರೆ ಕ್ಯಾಸಲ್. ಒಳಗಿನ ಕೋಣೆಗಳನ್ನು ಬೇಗ ಮುಗಿಸಿ, ತೋಟದ ಪಕ್ಕದ ಸೇಂಟ್ ಮೇರಿ ಚರ್ಚಿಗೆ ಹೋಗಿ. ಎಂಟನೇ ಹೆನ್ರಿಯ ಆರನೇ ಹೆಂಡತಿ ಕ್ಯಾಥರೀನ್ ಪಾರ್ ಮಲಗಿರುವುದು ಇಲ್ಲೇ. ಅಮೃತಶಿಲೆಯ ಗೋರಿ 19ನೇ ಶತಮಾನದ್ದು, ಮೋಸ ಹೋಗಬೇಡಿ. ಈಕೆ 1545ರಲ್ಲೇ ತನ್ನ ಹೆಸರಿನಲ್ಲಿ ಪ್ರಾರ್ಥನೆಗಳ ಪುಸ್ತಕ ಅಚ್ಚು ಹಾಕಿಸಿದ ರಾಣಿ. ಹೆನ್ರಿ ಸತ್ತ ಮೇಲೆ ಥಾಮಸ್ ಸೀಮೋರ್‌ನನ್ನು ಮದುವೆಯಾದಳು. ಹೆನ್ರಿಯ ಮಗ, ಬಾಲಕ ರಾಜ ಆರನೇ ಎಡ್ವರ್ಡ್‌ಗೇ ಮದುವೆ ಮಾಡಿಸ್ತೀನಿ ಅಂತ ಜೇನ್‌ಳ ಅಪ್ಪ ಅಮ್ಮನಿಗೆ ಆಸೆ ಹುಟ್ಟಿಸಿ ಅವಳನ್ನು ಕರೆತಂದವನು ಅವನೇ. ಅವನ ಲೆಕ್ಕಾಚಾರ ಏನೇ ಇರಲಿ, ಆ ಮಗು ಬೆಳೆದದ್ದು ದಿನವೂ ಇಂಗ್ಲಿಷ್ ಬೈಬಲ್, ಹೊಸ ಮತದ ಮಾತು ಕೇಳುವ ಮನೆಯಲ್ಲಿ.

1548ರ ಸೆಪ್ಟೆಂಬರ್ 5ರಂದು, ಹೆರಿಗೆಯಾದ ಆರನೇ ದಿನ, ಕ್ಯಾಥರೀನ್ ತೀರಿಕೊಂಡಳು. ಶವದ ಹಿಂದೆ ಮುಖ್ಯ ಶೋಕಧಾರಿಯಾಗಿ ನಡೆದವಳು ಸುಮಾರು ಹನ್ನೊಂದರ ಜೇನ್, ಅವಳ ಉದ್ದ ಲಂಗದ ಅಂಚನ್ನು ಇನ್ನೊಬ್ಬಳು ಎತ್ತಿ ಹಿಡಿದಿದ್ದಳು. ಬೈಬಲನ್ನು ಇಂಗ್ಲಿಷಿಗೆ ತಂದ ಮೈಲ್ಸ್ ಕವರ್ಡೇಲ್ ಎದ್ದು ನಿಂತು, ಇಲ್ಲಿ ಕೊಡುವ ಕಾಣಿಕೆ ಸತ್ತವರಿಗೆ ಪುಣ್ಯ ತರಲು ಅಲ್ಲ, ಬಡವರಿಗೆ ಅಂದ. ಶ್ರಾದ್ಧದ ಮನೆಯಲ್ಲಿ ಹಾಗಂದರೆ ಹೇಗಿರುತ್ತೆ ಯೋಚಿಸಿ! ಅದನ್ನೆಲ್ಲ ಆ ಹುಡುಗಿ ಎದುರಿಗೇ ನಿಂತು ಕೇಳಿದ್ದಳು.

ನಾನು ಹೋದಾಗ ಚರ್ಚಿನಲ್ಲಿ ಒಬ್ಬರೂ ಇರಲಿಲ್ಲ. ಚಳಿಗಾಲದಲ್ಲಿ ಕ್ಯಾಸಲ್ ಮುಚ್ಚಿರುತ್ತದೆ, ಭಾನುವಾರದ ಬಸ್ಸನ್ನಂತೂ ನಂಬಬೇಡಿ, ಶನಿವಾರವೇ ಹೋಗಿ.